ಲಾಟೀನು ಆಮೆಯನ್ನು ತೂಗಿದವಳು

ಹರಿಣಿಗೆ ಕೋಪ ಬಂದರೆ ಧ್ವನಿ ಏರುವುದಿಲ್ಲ, ಇಳಿಯುತ್ತದೆ. ವಡಾಲದ ಅವರ ಕಾಲೊನಿಯಲ್ಲಿ ಇದು ಎಲ್ಲರಿಗೂ ಗೊತ್ತು. ಲಿಫ್ಟ್ ರಿಪೇರಿಯನ್ನು ತಿಂಗಳುಗಟ್ಟಲೆ ಮುಂದೂಡುತ್ತಿದ್ದ ಸೊಸೈಟಿ ಸೆಕ್ರೆಟರಿಯ ಎದುರು ನಿಂತು ಪಿಸುಮಾತಿನಂಥ ದನಿಯಲ್ಲಿ ಅದೇನು ಹೇಳಿದಳೋ, ಮರುದಿನವೇ ಮೆಕ್ಯಾನಿಕ್ ಬಂದಿದ್ದ.

ಅಪ್ಪ ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರ್. ಅಮ್ಮ ಮೋಹಿನಿ ಮನೆಯಲ್ಲೇ. ಹರಿಣಿ ಬಂದರಿನ ಕಡೆ, ಹಡಗಿನ ಸರಕು ಬಿಡಿಸಿಕೊಡುವ ಒಂದು ಕ್ಲಿಯರಿಂಗ್ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಇಂಥವಳು ಮಾನ್‌ಸ್ಟರ್ ಚಿತ್ರವಿರುವ ಕಾರ್ಡ್ ಹಿಡಿದು ಸ್ಪರ್ಧೆಗೆ ಹೋಗುತ್ತಾಳೆ ಎಂದರೆ ಆಫೀಸಿನವರು ನಂಬುತ್ತಿರಲಿಲ್ಲ. ಆಟವನ್ನು ಮನೆಗೆ ತಂದವನು ತಮ್ಮ ಸುಕೇಶ್. ಅವನಿಗದು ಮೋಜು. ಅವಳಿಗೆ ಮಾತ್ರ ತಲೆಗೇ ಹತ್ತಿತು.

ಆಟ ಹೇಳಲು ಕಷ್ಟವಿಲ್ಲ. ಎದುರುಬದುರು ಇಬ್ಬರು, ಇಬ್ಬರಿಗೂ ತಾವೇ ಆರಿಸಿ ಕಟ್ಟಿಕೊಂಡ ಕಾರ್ಡುಗಳ ಡೆಕ್. ಮಾನ್‌ಸ್ಟರ್‌ಗಳನ್ನು ಮೇಜಿನ ಮೇಲೆ ಇಳಿಸಬೇಕು, ಎದುರಾಳಿಯದನ್ನು ಹೊಡೆದುರುಳಿಸಬೇಕು. ಕೆಲವು ಮಾನ್‌ಸ್ಟರ್ ತಾವೇ ಹೊಡೆಯುತ್ತವೆ. ಕೆಲವಕ್ಕೆ ಹೊಡೆಯುವ ಶಕ್ತಿಯೇ ಇಲ್ಲ, ಉಳಿದವಕ್ಕೆ ಬೆಂಬಲ ಕೊಡುವುದಷ್ಟೇ ಅವುಗಳ ಕೆಲಸ. ಕೆಲವು ತಿಂಗಳಿಗೊಮ್ಮೆ ಹೊಸ ಕಾರ್ಡುಗಳು ಬರುತ್ತವೆ. ಯಾವುದು ಚಿನ್ನ, ಯಾವುದು ಕಸ ಎಂದು ಮೊದಲು ಕಂಡುಕೊಂಡವರು ಸ್ಪರ್ಧೆಯಲ್ಲಿ ಅರ್ಧ ಗೆದ್ದಂತೆ.

ಭಾನುವಾರಗಳಲ್ಲಿ ಅಕ್ಕ ತಮ್ಮ ಇಬ್ಬರೂ ಘಾಟ್ಕೋಪರ್‌ನ ಒಂದು ಕಾರ್ಡ್ ಅಂಗಡಿಗೆ ಹೋಗುತ್ತಿದ್ದರು. ಅಲ್ಲಿ ಸಿಕ್ಕವನು ವಿಕ್ರಂ. ಮೈಸೂರು ಕಡೆಯ ಮನೆತನ, ಪವಾಯಿಯಲ್ಲಿ ಮನೆ, ಐಟಿ ಕೆಲಸ, ಒಳ್ಳೆಯ ಮಾತುಗಾರ. ಈ ಆಟದ ಬಗ್ಗೆಯೇ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದ. ಮೂವರೂ ಸೇರಿ ಒಂದು ಟೀಮ್ ಆದರು. ಕನ್ನಡದವರು ಅಂತ ಒಂದು ಸಲಿಗೆಯೂ ಇತ್ತು.

ಆ ಸಲದ ಹೊಸ ಕಾರ್ಡುಗಳಲ್ಲಿ ಬೆನ್ನ ಮೇಲೆ ಲಾಟೀನು ಹೊತ್ತ ಆಮೆಯೊಂದಿತ್ತು. ಹೊಡೆಯುವ ಶಕ್ತಿ ಸೊನ್ನೆ. ಇಳಿಸಿದಾಗ ಸತ್ತ ಮಾನ್‌ಸ್ಟರ್ ಒಂದನ್ನು ಎಬ್ಬಿಸುತ್ತದೆ, ಎದ್ದದ್ದಕ್ಕೆ ಒಂದು ಸುತ್ತು ರಕ್ಷಣೆ ಕೊಡುತ್ತದೆ. ಅಂಗಡಿಯಲ್ಲಿ ಎಲ್ಲರೂ ನಕ್ಕರು. "ಕಛುವಾ ಹೈ, ಕಛುವೇ ಕೀ ತರಹ್ ಚಲೇಗಾ" ಎಂದು, ಆಮೆಯಲ್ಲವೇ, ಆಮೆಯ ಹಾಗೇ ತೆವಳೀತು ಎಂಬಂತೆ ಬದಿಗಿಟ್ಟರು. ಹರಿಣಿ ಬದಿಗಿಡಲಿಲ್ಲ. ಊಟದ ಮೇಜಿನ ಮೇಲೆ ಎರಡೂ ಕಡೆಯ ಆಟ ತಾನೇ ಆಡಿ ನೋಡಿದಳು. ಶುರುವಿನಲ್ಲೇ ಇಳಿಸಿ ಸೋತಳು, ನಡುವೆ ಇಳಿಸಿ ಸೋತಳು. ಬೇರೆ ಬೇರೆ ಡೆಕ್‌ನಲ್ಲಿ ಹಾಕಿದಳು, ತೆಗೆದಳು. ವಾರಗಟ್ಟಲೆ ಇದೇ ನಡೆಯಿತು. ಕೊನೆಗೆ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತೇ ಸುಕೇಶನಿಗೆ ವಾಯ್ಸ್ ಮೆಸೇಜ್ ಕಳಿಸಿದಳು.

"ಸುಕೇಶ, ಆಮೆಯ ಗುಟ್ಟು ಸಿಕ್ಕಿತು ಮಾರಾಯ! ಅದನ್ನು ಮೊದಲೇ ಇಳಿಸಿದರೆ ದಂಡ. ಕೈಯಲ್ಲೇ ಇಟ್ಟುಕೊಂಡು ಕಾಯಬೇಕು. ಎದುರಿನವ ನಮ್ಮ ದೊಡ್ಡದನ್ನೆಲ್ಲ ಹೊಡೆದು ಅವನ ಕೈ ಖಾಲಿ ಆಗ್ತದಲ್ಲ, ಆಗ ಇಳಿಸ್ಬೇಕು. ಮದುವೆ ಊಟದಲ್ಲಿ ಶೀಲಾವತಿ ದೊಡ್ಡಮ್ಮ ಹೇಗೆ? ಮೊದಲ ಪಂಕ್ತಿಯಲ್ಲಿ ಕಣ್ಣಿಗೇ ಬೀಳುವುದಿಲ್ಲ. ಬಡಿಸುವವರೆಲ್ಲ ಸುಸ್ತಾಗಿ ಕೂತ ಮೇಲೆ ಬಂದು ಸೌಟು ಹಿಡೀತಾರೆ. ಹಾಗೆ. ಆದ್ರೆ ಡೆಕ್‌ನಲ್ಲಿ ಎರಡೇ ಸಾಕು. ಮೂರು ಹಾಕಿದ್ರೆ ಶುರುವಲ್ಲೇ ಕೈಗೆ ಬಂದು ಕೂತ್ಕೊಳ್ತದೆ, ಬರೀ ಭಾರ."

ಮುಂದಿನ ವಾರ ಊಟದ ಬಿಡುವಿನಲ್ಲಿ ಫೋನ್ ನೋಡುತ್ತಿದ್ದಾಗ ವಿಕ್ರಂನ ಹೊಸ ವಿಡಿಯೋ ಕಂಡಿತು. ಎಲ್ಲರೂ ಕಸ ಎಂದ ಕಾರ್ಡನ್ನು ತಾನು ಹೇಗೆ ತೂಗಿ ನೋಡಿದೆ ಎಂದು ಅವನು ಕೈಯಾಡಿಸುತ್ತಾ ಹೇಳುತ್ತಿದ್ದ. ಮೊದಲೇ ಇಳಿಸಬೇಡಿ, ಕಾಯಿರಿ, ಎರಡೇ ಸಾಕು. ಹರಿಣಿ ಚಪಾತಿ ತುಂಡನ್ನು ಡಬ್ಬಿಗೇ ಹಾಕಿ ನೋಡತೊಡಗಿದಳು. ಅಷ್ಟರಲ್ಲಿ ಅವನು ನಗುತ್ತಾ, "ಮೇರೀ ಏಕ್ ಶೀಲಾ ಆಂಟೀ ಹೈ" ಎಂದ. ಮದುವೆ ಊಟದಲ್ಲಿ ಕೊನೆಗೆ ಬಂದು ಸೌಟು ಹಿಡಿಯುವ ಆಂಟಿ.

ದೊಡ್ಡಮ್ಮನನ್ನೂ ಬಿಡಲಿಲ್ಲ! ಕೆಳಗೆ ಸಾಲುಸಾಲು ಹೊಗಳಿಕೆ. ಎಂಥ ತಲೆ ಭಾಯ್, ಇದನ್ನು ಯಾರೂ ಹೇಳಿರಲಿಲ್ಲ.

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು, "ನನ್ನ ಮೆಸೇಜ್ ವಿಕ್ರಂಗೆ ಕಳಿಸಿದ್ಯಾ?"

ಸುಕೇಶ್ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಹಾಂ. ಟೀಮ್ ಅಲ್ವಾ ಅಕ್ಕ."

"ಅವನು ತನ್ನದು ಅಂತ ಹಾಕಿದ್ದಾನೆ."

"ಚಾನೆಲ್ ಅವನದ್ದು. ಯಾರ ಬಾಯಿಂದ ಬಂದರೆ ಏನಾಯ್ತು?"

ಹರಿಣಿ ಟಿವಿ ಸ್ವಿಚ್ ಆರಿಸಿದಳು. "ಮುಂದಿನ ತಿಂಗಳು ನಿನ್ನ ಪ್ರಮೋಷನ್ ಬೇರೆಯವರ ಹೆಸರಿಗೆ ಬಂದರೆ ಹೀಗೇ ಹೇಳು."

"ಒಂದು ಕಾರ್ಡಿಗೆ ಇಷ್ಟು ಜಗಳವಾ?" ಎಂದರು ಮೋಹಿನಿ ಒಳಗಿನಿಂದ.

"ಕಾರ್ಡಿಗಲ್ಲಮ್ಮ" ಎಂದಳು ಹರಿಣಿ. ಟವೆಲ್ ಎಳೆದುಕೊಂಡು ಸ್ನಾನಕ್ಕೆ ಹೋದಳು.

ಭಾನುವಾರ ಅಂಗಡಿಯಲ್ಲಿ ಟೀಮ್ ಸ್ಪರ್ಧೆ. ಒಳಗೆ ಕಾಲಿಡುತ್ತಿದ್ದಂತೆ ಪರಿಚಯದ ಹುಡುಗನೊಬ್ಬ ಹರಿಣಿಯನ್ನು ನಿಲ್ಲಿಸಿ, ಆಮೆಯನ್ನು ಯಾವಾಗ ಇಳಿಸಬೇಕು ಎಂದು ಅವಳಿಗೇ ಪಾಠ ಹೇಳಿದ. "ವಿಕ್ರಂ ಭಾಯ್ ಕಾ ವಿಡಿಯೋ ದೇಖೋ" ಎಂದ. ಅವಳು ನೇರ ವಿಕ್ರಂನ ಮೇಜಿಗೆ ಹೋದಳು.

"ಅದು ನನ್ನ ಮಾತು. ಎಲ್ಲರೆದುರು ಹೇಳು."

ವಿಕ್ರಂ ಗಾಬರಿಯಾಗಲಿಲ್ಲ. "ಅಯ್ಯೋ ಹರಿಣಿ, ಹೊರಗೆ ಮಾತಾಡೋಣ ಬನ್ನಿ."

"ಇಲ್ಲೇ. ನೀನು ಆ ಕಾರ್ಡ್ ಆಡಿ ನೋಡಿದ್ದೀಯಾ? ಎರಡೇ ಯಾಕೆ, ಹೇಳು."

ಉತ್ತರ ಬರುವುದಿಲ್ಲ ಎಂದುಕೊಂಡಿದ್ದಳು. ಬಂತು. ಎರಡೇ ಯಾಕೆ, ಯಾವ ಡೆಕ್‌ಗೆ ಸರಿ, ಯಾವುದಕ್ಕೆ ಸರಿಯಲ್ಲ, ಎಲ್ಲವನ್ನೂ ಅವನು ಹಿಂದಿ ಇಂಗ್ಲಿಷ್ ಬೆರೆಸಿ ನೀರು ಹರಿದ ಹಾಗೆ ಹೇಳಿದ. ಅವಳಿಗಿಂತ ಚೆನ್ನಾಗಿಯೇ ಹೇಳಿದ. ಕದ್ದದ್ದನ್ನು ಶ್ರದ್ಧೆಯಿಂದ ಕಲಿತಿದ್ದ. ಸುತ್ತ ನಿಂತವರು ತಲೆದೂಗಿದರು. ಒಬ್ಬಿಬ್ಬರು ಹರಿಣಿಯತ್ತ ನೋಡಿ ಮುಗುಳ್ನಕ್ಕರು, ಪಾಪ ಎಂಬಂತೆ. ಆ ನಗು ಅವಳ ಕಿವಿಯವರೆಗೂ ಸುಟ್ಟಿತು.

ವಿಕ್ರಂನನ್ನು ಬಿಟ್ಟರೆ ಅಲ್ಲಿ ಸತ್ಯ ಗೊತ್ತಿದ್ದವನು ಒಬ್ಬನೇ. ಅವಳು ಜೊತೆಗೆ ಬಂದಿದ್ದ ತಮ್ಮನತ್ತ ತಿರುಗಿದಳು. ಸುಕೇಶ್ ತಲೆ ತಗ್ಗಿಸಿ ಫೋನ್ ನೋಡುತ್ತಿದ್ದ.

"ನಾನು ಈ ಟೀಮಿನಲ್ಲಿಲ್ಲ" ಎಂದು ಹರಿಣಿ ಚೀಲ ಎತ್ತಿಕೊಂಡಳು. ಮೂವರಿಲ್ಲದೆ ಟೀಮಿಲ್ಲ. ಹಿಂದಿನಿಂದ ವಿಕ್ರಂ, "ವಿಡಿಯೋ ಕೆಳಗೆ ಡಿಸ್ಕ್ರಿಪ್ಷನ್‌ನಲ್ಲಿ ನಿಮ್ಮ ಹೆಸರು ಹಾಕ್ತೀನಿ, ಸರೀನಾ?" ಎಂದು ಕೂಗಿದ. ಅವಳು ಮೆಟ್ಟಿಲಿಳಿದಿದ್ದಳು.

ಕುರ್ಲಾದಲ್ಲಿ ಹಾರ್ಬರ್ ಲೈನಿನ ರೈಲಿಗೆ ಬದಲಾಯಿಸುವಾಗ ಸುಕೇಶ್ ಬ್ರಿಜ್ ಮೇಲೆ ಓಡುತ್ತಾ ಬಂದು ಹಿಡಿದ. "ಅಕ್ಕ, ಅವನು ನನ್ನನ್ನು ವಿಡಿಯೋಗಳಲ್ಲಿ ಕರೀತಾನೆ. ಆಫೀಸಲ್ಲಿ ಎಲ್ಲರೂ ನೋಡ್ತಾರೆ. ಏನು ಹೇಳ್ಬೇಕಿತ್ತು ನಾನು?"

"ಇದ್ದದ್ದನ್ನು."

"ಅವನ ದೋಸ್ತಿ ಹೋಗ್ತಿತ್ತು."

"ನನ್ನದು ಹೋಗುವುದಿಲ್ಲ ಅಂತ ಧೈರ್ಯ. ಅಕ್ಕ ಅಲ್ವಾ, ಎಲ್ಲಿ ಹೋಗ್ತಾಳೆ?" ಎಂದವಳೇ ಲೇಡೀಸ್ ಡಬ್ಬಿ ಹತ್ತಿದಳು. ಆಮೇಲೆ ಮನೆಯಲ್ಲಿ ಅವನಿಗೆ ನೀರು ಬೇಕಾ ಎಂದೂ ಕೇಳಲಿಲ್ಲ. ಅಮ್ಮ ಇಬ್ಬರ ನಡುವೆ ಮಾತು ಸಾಗಿಸಿ ಸೋತರು.

ಮುಂದಿನ ಭಾನುವಾರ ಸುಕೇಶ್ ಒಬ್ಬನೇ ಘಾಟ್ಕೋಪರ್‌ಗೆ ಹೋದ. ಸಂಜೆ ಮುಖ ಅರಳಿಸಿಕೊಂಡು ಬಂದ. "ಎಲ್ಲ ಸರಿ ಮಾಡಿದೆ ಅಕ್ಕ. ಅಂಗಡಿಯ ಸ್ಪೀಕರಿಗೆ ಫೋನ್ ಹಚ್ಚಿ ನಿನ್ನ ವಾಯ್ಸ್ ಮೆಸೇಜ್ ಎಲ್ಲರಿಗೂ ಕೇಳಿಸಿದೆ. ಕುಕ್ಕರ್ ಸೀಟಿ, ದೊಡ್ಡಮ್ಮನ ಮಾತು, ಎಲ್ಲಾ. ಹಿಂದಿಯಲ್ಲಿ ಅರ್ಥವನ್ನೂ ಹೇಳಿದೆ. ತಾರೀಖೂ ತೋರಿಸಿದೆ. ವಿಕ್ರಂ ಎದ್ದೇ ಹೋದ. ಇನ್ನು ನನ್ನ ಮುಖ ನೋಡುವುದಿಲ್ಲ ಅವನು."

ಅವಳು ಖುಷಿಪಡುತ್ತಾಳೆ ಎಂದು ಕಾದ. ಹರಿಣಿ ಮೆಲ್ಲಗೆ ಕುರ್ಚಿಯಲ್ಲಿ ಕೂತಳು.

"ನನ್ನನ್ನು ಕೇಳಿದ್ಯಾ?"

"ಏನು?"

"ನನ್ನ ಧ್ವನಿಯನ್ನು ಮತ್ತೆ ಊರಿಗೆಲ್ಲ ಹಂಚಿದ್ಯಲ್ಲ, ನನ್ನನ್ನು ಕೇಳಿದ್ಯಾ?"

ಮೊದಲ ತಪ್ಪಿನಷ್ಟೇ ದೊಡ್ಡ ತಪ್ಪನ್ನು ಒಳ್ಳೆಯ ಮನಸ್ಸಿನಿಂದ ಮಾಡಿದ್ದೇನೆ ಎಂದು ಸುಕೇಶನಿಗೆ ಆಗ ಹೊಳೆಯಿತು. "ಇಲ್ಲ ಅಕ್ಕ" ಎಂದ. ಬೇರೆ ಸಮಜಾಯಿಷಿ ಕೊಡಲಿಲ್ಲ. ಅಷ್ಟು ಹೊತ್ತಿನಲ್ಲಿ ಹರಿಣಿಗೆ ಸ್ವಲ್ಪ ಹಿತವೆನಿಸಿದ್ದು ಅದೊಂದೇ.

ನಂತರದ ಭಾನುವಾರ ಅವಳೇ ಹೋದಳು, ಒಬ್ಬಳೇ. ಪಾಠ ಹೇಳಿದ್ದ ಹುಡುಗ ಕಣ್ಣು ತಪ್ಪಿಸಿದ. ಅಂಗಡಿಯ ಮಾಲೀಕ ಚಹಾ ತರಿಸಿ, ನೀವು ಮೊದಲೇ ಹೇಳಬೇಕಿತ್ತು ಎಂಬ ಆಕ್ಷೇಪದಲ್ಲಿ, "ಆಪ್ ಕೋ ಪೆಹಲೇ ಬೋಲ್ನಾ ಚಾಹಿಯೇ ಥಾ" ಎಂದ. "ಬೋಲಾ ಥಾ" ಎಂದಳು ಹರಿಣಿ. "ಕಿಸೀ ನೇ ಸುನಾ ನಹೀಂ." ಹೇಳಿದ್ದಳು, ಕೇಳಿದವರು ಯಾರೂ ಇರಲಿಲ್ಲ. ಚಹಾ ಮುಟ್ಟಲಿಲ್ಲ.

ಒಬ್ಬೊಬ್ಬರಾಗಿ ಆಡುವ ಸ್ಪರ್ಧೆ. ಎರಡನೇ ಸುತ್ತಿನಲ್ಲಿ ಜೋಡಿ ಬಿದ್ದದ್ದು ವಿಕ್ರಂ ಜೊತೆಗೇ. ಅವನು ಕಾರ್ಡ್ ಕಲಸುತ್ತಾ, "ಏನೋ ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಆಯ್ತು, ಬಿಟ್ಟುಬಿಡಿ" ಎಂದ.

"ಇಲ್ಲ. ನೀನು ಕದ್ದೆ" ಎಂದಳು ಅವಳು. "ಈಗ ಆಡು."

ವಿಕ್ರಂ ಆಮೆಯನ್ನು ಕೈಯಲ್ಲಿಟ್ಟು ಕಾದ. ಸರಿಯಾದ ಗಳಿಗೆಯಲ್ಲೇ ಇಳಿಸಿದ. ಆದರೆ ಹರಿಣಿ ತನ್ನ ಡೆಕ್‌ನಿಂದ ಆಮೆಯನ್ನೇ ತೆಗೆದು, ಸತ್ತ ಮಾನ್‌ಸ್ಟರ್‌ಗಳನ್ನು ಆಟದಿಂದಲೇ ಹೊರಹಾಕುವ ಕಾರ್ಡುಗಳನ್ನು ಹಾಕಿಕೊಂಡು ಬಂದಿದ್ದಳು. ಎಬ್ಬಿಸಲು ಏನೂ ಉಳಿದಿರದೆ ಆಮೆ ಮೇಜಿನ ಮೇಲೆ ಸುಮ್ಮನೆ ಕೂತಿತು. ಅವಳು ಗೆದ್ದಳು. ಕೈ ಕುಲುಕಲಿಲ್ಲ. ಮುಂದಿನ ಸುತ್ತಿನಲ್ಲಿ ಡೊಂಬಿವಲಿಯ ಒಬ್ಬ ಕಾಲೇಜು ಹುಡುಗಿಯ ಎದುರು ಸೋತಳು. ಸೋತ ಮೇಲೂ ಆ ಹುಡುಗಿಯ ಜೊತೆ ಕೂತು, ತಾನು ಎಲ್ಲಿ ತಪ್ಪಿದೆ ಎಂದು ಬಹಳ ಹೊತ್ತು ಮಾತಾಡಿದಳು.

ಮನೆಗೆ ಬಂದಾಗ ಮೋಹಿನಿ ಬಾಗಿಲಲ್ಲೇ ಕೇಳಿದರು, "ಅವನನ್ನು ಸೋಲಿಸಿದ್ಯಾ?"

"ಹೂಂ."

"ಕೋಪ ಇಳಿಯಿತಾ?"

"ಇಲ್ಲಮ್ಮ. ಅವನು ಇನ್ನೂ ಆ ವಿಡಿಯೋ ತೆಗೆದಿಲ್ಲ."

ಮೋಹಿನಿ ಈ ಸಲ ಕಾರ್ಡಿಗಾಗಿ ಜಗಳವಾ ಎನ್ನಲಿಲ್ಲ. "ಶೀಲಾವತಿ ಅಕ್ಕನ ಹೆಸರು ಬೇರೆ ಹಾಳುಮಾಡಿದ ಪೀಡೆ" ಎಂದು ಬೈದು ತಟ್ಟೆ ಇಟ್ಟರು. ಹರಿಣಿ ಊಟಕ್ಕೆ ಕೂತಳು. ಸುಕೇಶ್ ಎದುರಿನ ಕುರ್ಚಿ ಹಿಡಿದು ನಿಂತಿದ್ದ.

"ಅಕ್ಕ, ಬರುವ ಭಾನುವಾರ ನಾನೂ ಬರ್ಲಾ?"

ಅವಳು ಸಾರು ಕಲಸಿಕೊಂಡು ಎರಡು ತುತ್ತು ತಿಂದಳು.

"ಬಾ. ಆದರೆ ನನ್ನ ಪರವಾಗಿ ಬಾಯಿ ಬಿಡಬೇಡ."