ನೀರು ಕುಡಿಯುವ ಕಾರಿನಲ್ಲಿ ಮಂಗಳೂರಿಗೆ

ಹಾಸನದಿಂದ ಮಂಗಳೂರಿಗೆ ಸುಮಾರು ನೂರಾ ಎಪ್ಪತ್ತು ಕಿಲೋಮೀಟರು. ಅಷ್ಟು ದಾರಿಗೆ ನನ್ನ ಹಳೆಯ ಕಾರು ಎರಡು ಡಬ್ಬ ನೀರು ಕುಡಿಯಿತು. ಎಲ್ಲಿಯೂ ಸೋರಿದ ಗುರುತಿಲ್ಲ. ಆದರೂ ನಿಲ್ಲಿಸಿದಲ್ಲೆಲ್ಲ ರೇಡಿಯೇಟರಿನ ನೀರು ಇಳಿದಿರುತ್ತಿತ್ತು. ಅಪ್ಪನಿಗೆ ಅತ್ತಾವರದ ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್ ಆಗಿತ್ತು. ಮರುದಿನ ಮಧ್ಯಾಹ್ನ ಅವರನ್ನು ಮನೆಗೆ ಕರೆದೊಯ್ಯಬೇಕು, ಬಸ್ಸಿನ ಕುಲುಕಾಟ ಕೂಡದೆಂದು ಡಾಕ್ಟರು ಹೇಳಿದ್ದರು. ಶಿರಾಡಿ ಘಾಟಿಯ ನಡುವೆ ಕಾರು ಕುದಿದು ನಿಂತರೆ ಕಣ್ಣಿಗೆ ಪಟ್ಟಿ ಕಟ್ಟಿದ ಮುದುಕರನ್ನು ಎಲ್ಲಿ ಕೂರಿಸಲಿ? ನನಗೆ ನಿಜಕ್ಕೂ ಭಯವಾಗಿತ್ತು.

ಸಂಜೆ ಕುದ್ರೋಳಿಯ ಮೆಕ್ಯಾನಿಕ್ ವಾಸಣ್ಣನಲ್ಲಿ ಕಾರು ಬಿಟ್ಟೆ. ಮೀನುಗಾರರ ಮನೆಯವರು, ಮೊದಲು ದೋಣಿಯ ಇಂಜಿನ್ ರಿಪೇರಿ ಮಾಡುತ್ತಿದ್ದವರು. ಬೆಳಿಗ್ಗೆ ಹೋದಾಗ, ರಾತ್ರಿ ಅವರು ಕಾರಿನಡಿ ಹರಡಿದ್ದ ಪೇಪರು ಒಣಗಿಯೇ ಇತ್ತು. ಸೈಲೆನ್ಸರಿನ ಹೊಗೆಗೆ ಅಂಗೈ ಒಡ್ಡಿ, ಮೂಸಿ, ಇಂಜಿನ್ ಒಳಗೆ ನೀರು ಹೋಗುತ್ತಿಲ್ಲ ಎಂದರು. ನಾನು ಅಭ್ಯಾಸಬಲದಿಂದ ಡಬ್ಬ ಎತ್ತಿದೆ. ಅವರು ಕೈ ಅಡ್ಡ ಹಿಡಿದರು.

“ಇವತ್ತು ಒಂದು ತೊಟ್ಟು ಹಾಕ್ಬೇಡಿ ಮಾರಾಯ್ರೆ. ಒಂದು ಸುತ್ತು ಹೋಗಿ ನೋಡುವ.”

ಹಿಡಿಸೂಡಿ ಪೊರಕೆಯಿಂದ ತೆಂಗಿನ ಕಡ್ಡಿಯೊಂದನ್ನು ಎಳೆದು ರೇಡಿಯೇಟರಿಗೆ ಇಳಿಸಿದರು. ಒದ್ದೆಯಾದಲ್ಲಿಗೆ ಉಗುರಿನಿಂದ ಗೀರಿ ಜೇಬಿಗೆ ಹಾಕಿಕೊಂಡರು.

ದೇರೆಬೈಲಿನವರೆಗೆ ಏರುದಾರಿಗಳನ್ನೇ ಹುಡುಕಿ ಓಡಿಸಲು ಹೇಳಿದರು. ಕಡಲಿನ ಸೆಕೆಗೆ ಕಾರಿಗಿಂತ ನಾನೇ ಹೆಚ್ಚು ಬೆವರಿದ್ದೆ. ಇಂಜಿನ್ ತಣಿಯುವವರೆಗೆ ಹೋಟೆಲೊಂದರಲ್ಲಿ ಗೋಳಿಬಜೆ ತಿಂದು ಕೂತೆವು. ಆಮೇಲೆ ಕಡ್ಡಿ ಇಳಿಸಿದರೆ ನೀರು ಗೀರಿನಷ್ಟೇ ಇತ್ತು. ಇಷ್ಟು ನೀರು ಹಾಕಲು ಯಾರು ಹೇಳಿದರೆಂದು ಅವರು ಕೇಳಿದರು.

ಅಪ್ಪ ಎಂದೆ. ಅವರು ಎತ್ತಿನ ಗಾಡಿ ಹೊಡೆದವರು. ನಿಲ್ಲಿಸಿದಲ್ಲೆಲ್ಲ ಮೊದಲು ಎತ್ತಿಗೆ ನೀರು, ಆಮೇಲೆ ತಮಗೆ. ಕಾರು ಕೊಂಡ ದಿನ ನನಗೂ ಅದನ್ನೇ ಹೇಳಿದ್ದರು. ನಾನು ಪ್ರತಿ ನಿಲುಗಡೆಯಲ್ಲೂ ಕಂಠಮಟ್ಟ ತುಂಬಿಸುತ್ತಿದ್ದೆ.

ವಾಸಣ್ಣ ನಗಲಿಲ್ಲ. “ಎತ್ತು ಸಾಕಾದ್ರೆ ಮುಖ ತಿರುಗಿಸ್ತದೆ. ಇದಕ್ಕೆ ಅದು ಗೊತ್ತಿಲ್ಲ. ಬಿಸಿಯಾದಾಗ ಹೆಚ್ಚಾದದ್ದನ್ನು ಪೈಪಲ್ಲಿ ದಾರಿಗೆ ಚೆಲ್ತದೆ, ನೀವು ಪುನಃ ತುಂಬಿಸ್ತೀರಿ. ಇದಕ್ಕೆ ಬೇಕಾದಷ್ಟು ಒಳಗೆ ಉಂಟು.”

ಕಡ್ಡಿಯನ್ನು ನನ್ನ ಕೈಗಿಟ್ಟು ಅವರು ಅಲ್ಲಿಂದಲೇ ಕುದ್ರೋಳಿಯ ಬಸ್ಸು ಹತ್ತಿದರು.

ಮಧ್ಯಾಹ್ನ ಅಪ್ಪನನ್ನು ಹಿಂದಿನ ಸೀಟಿನಲ್ಲಿ ಒರಗಿಸಿ ಹೊರಟೆ. ಉಪ್ಪಿನಂಗಡಿಯಲ್ಲಿ ನಿಲ್ಲಿಸಿದಾಗ, “ನೀರು ಕೊಟ್ಟೆಯೇನೋ?” ಎಂದರು. ಇಲ್ಲ ಎಂದೆ. ಘಾಟಿ ಮುಗಿಯುವವರೆಗೆ ಅವರು ಬಾಗಿಲಿನ ಹಿಡಿ ಬಿಡಲಿಲ್ಲ. ನನಗೂ ಪ್ರತಿ ತಿರುವಿನಲ್ಲಿ ಬಾನೆಟ್ಟಿನ ಮೇಲೆಯೇ ಕಣ್ಣು.

ಸಕಲೇಶಪುರದಲ್ಲಿ ಇಂಜಿನ್ ತಣಿದ ಮೇಲೆ ಕಡ್ಡಿ ಅದ್ದಿ ಅವರ ಕೈಗೆ ಕೊಟ್ಟೆ, ವಾಸಣ್ಣ ಹೇಳಿದ್ದನ್ನೂ ಹೇಳಿದೆ. ಅಪ್ಪ ಒದ್ದೆಯ ಉದ್ದಕ್ಕೂ ಹೆಬ್ಬೆರಳು ಜಾರಿಸಿ ಗೀರಿನ ಹತ್ತಿರ ನಿಲ್ಲಿಸಿದರು. ನಂಬದೆ ಇನ್ನೊಮ್ಮೆ ಸವರಿ ನೋಡಿದರು.

“ಇದಕ್ಕೆ ಬಾಯಾರಿಲ್ಲ ಕಣೋ. ಹೊರಡು,” ಎಂದರು.

ಕಡ್ಡಿಯನ್ನು ಮಾತ್ರ ಊರು ಬರುವವರೆಗೂ ಕೈಯಿಂದ ಬಿಡಲಿಲ್ಲ.