ಟೈರಿನ ಮೇಲೊಂದು ಬಿಳಿ ಗೆರೆ

ಎಣ್ಣೆಯ ಬಾಟಲಿಯನ್ನು ಕಪಾಟಿನಿಂದ ತೆಗೆದು ಕೊಟ್ಟವನು ನಾನು. ಇದನ್ನು ಮೊದಲೇ ಹೇಳಬೇಕು. ಮುಂದೆ ಬರೆಯುವುದೆಲ್ಲ ಭಾವನ ಮೇಲಿನ ದೂರಿನಂತೆ ಕೇಳಿಸಬಹುದು. ದೂರೇ ಹೌದು, ಆದರೆ ಅದರಲ್ಲಿ ನನ್ನ ಕೈಯೂ ಇದೆ.

ಭಾವ ಎಂದರೆ ಅಕ್ಕನ ಗಂಡ. ಕಾವೂರಿನಲ್ಲಿ ನಮ್ಮ ಎರಡು ಮನೆಗಳಿಗೆ ಒಂದೇ ಅಂಗಳ. ಅವರ ಅಪ್ಪ, ಅಜ್ಜ ಕಡಲಿಗೆ ಹೋದವರು. ಭಾವ ದಡದಲ್ಲೇ ಉಳಿದರು. ಬೆಳಿಗ್ಗೆ ಐದಕ್ಕೆ ಬೋಟುಗಳು ಬಂದು ನಿಲ್ಲುವ ದಕ್ಕೆಗೆ ಹೋಗಿ, ಬೋಟಿನಿಂದ ಇಳಿದ ಮೀನನ್ನು ಎರಡು ಪೆಟ್ಟಿಗೆಗಳಿಗೆ ತುಂಬಿಸಿ, ಬೈಕಿನ ಹಿಂದೆ ಹಗ್ಗದಲ್ಲಿ ಬಿಗಿದು ತರುತ್ತಾರೆ. ಅಕ್ಕ ಅದನ್ನು ಮಾರುಕಟ್ಟೆಯಲ್ಲಿ ಕೂತು ಮಾರುತ್ತಾಳೆ. ಪೆಟ್ಟಿಗೆ ಇಳಿಸಿದ ಮೇಲೆ ಭಾವ ಸೀಟಿಗೆ ನೀರು ಹೊಯ್ದು, ಒರೆಸಿ, ಮಗಳನ್ನು ಹಿಂದೆ ಕೂರಿಸಿಕೊಂಡು ಹಂಪನಕಟ್ಟೆಯ ಕಾಲೇಜಿಗೆ ಬಿಡುತ್ತಾರೆ. ಅದೇ ಹಂಪನಕಟ್ಟೆಯಲ್ಲಿ ನಾನು ತಕ್ಕಡಿ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ನಾನು ಹೋಗುವುದು ಬಸ್ಸಿನಲ್ಲಿ.

ಬೈಕು ತಗ್ಗು ಸೀಟಿನ, ಉದ್ದ ಹ್ಯಾಂಡಲಿನ ಹಳೆಯ ಗಾಡಿ. ಭಾವ ಗಿಡ್ಡ. ಮೀನಿನ ಭಾರ ಇದ್ದಾಗ ಎರಡೂ ಕಾಲು ನೆಲಕ್ಕೆ ಸಿಗಬೇಕೆಂದು ಹುಡುಕಿ ತಂದದ್ದು. ಆದರೆ ಆ ಭಾರಕ್ಕೆ ಹಿಂದಿನ ಟೈರು ಆರು ತಿಂಗಳೂ ಬಾಳುತ್ತಿರಲಿಲ್ಲ. ನಡುವೆ ಸವೆದು ಬೋಳಾಗುತ್ತಿತ್ತು. ಈ ಗಾಡಿಯ ಹಿಂದಿನ ಚಕ್ರ ಸಣ್ಣದು, ಅದೇ ಅಳತೆಯ ಕಾರಿನ ಟೈರು ಸಿಗುತ್ತದೆ, ಹಾಕಿದರೆ ಮೂರು ವರ್ಷ ತಿರುಗಿ ನೋಡಬೇಕಾಗಿಲ್ಲ ಎಂದು ದಕ್ಕೆಯಲ್ಲಿ ಯಾರೋ ಹೇಳಿದರಂತೆ. ಯಾರು ಹೇಳಿದ್ದೆಂದು ನಾನು ಮೂರು ಸಲ ಕೇಳಿದೆ. ಮೂರು ಸಲವೂ ಬೇರೆ ಬೇರೆಯವರ ಹೆಸರು ಬಂತು.

ಪಂಕ್ಚರ್ ಅಂಗಡಿಯವರು ಟೈರನ್ನು ಮುಟ್ಟಲೂ ಒಪ್ಪಲಿಲ್ಲ.

"ಕಾರಿಗೆ ನಾಲ್ಕು ಚಕ್ರ ಉಂಟು, ಅದು ವಾಲುದಿಲ್ಲ. ಬೈಕು ತಿರುವಿನಲ್ಲಿ ವಾಲ್ಬೇಕಲ್ವಾ? ಇದರ ಮೈ ನೋಡಿ, ಮಣೆಯ ಹಾಗೆ ಚಪ್ಪಟೆ."

"ಹಾಕ್ಲಿಕ್ಕೆ ಬರುದಿಲ್ಲ ಅಂತ ಹೇಳಿ, ಸಾಕು" ಎಂದು ಭಾವ ಟೈರನ್ನು ಉರುಳಿಸಿಕೊಂಡು ಮನೆಗೆ ಬಂದರು. ಅಂಗಡಿಯಿಂದ ಮನೆಯವರೆಗೂ ನಾನು ಹಿಂದೆಯೇ ನಡೆದೆ. ಅಂಗಡಿಯವರು ಹೇಳಿದ್ದು ಸರಿ ಎಂದು ದಾರಿಯಲ್ಲಿ ಎರಡು ಸಲ ಹೇಳಿದೆ. ಟೈರು ಉರುಳುವ ಸದ್ದಿಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ.

ಭಾನುವಾರ ಅಂಗಳದಲ್ಲಿ ಕೆಲಸ ಶುರುವಾಯಿತು. ನಾನು ಚಕ್ರ ಹಿಡಿದುಕೊಂಡೆ, ಭಾವ ಲಿವರ್ ಹಾಕಿ ಟೈರನ್ನು ರಿಮ್ಮಿನ ಒಳಗೆ ದಾಟಿಸಿದರು. ಒಳಗೆ ಹೋಯಿತು, ಆದರೆ ಕೂರಲಿಲ್ಲ. ಟೈರಿನ ಅಂಚು ಸುತ್ತಲೂ ಒಂದೇ ಸಮನಾಗಿ ಮೇಲೆದ್ದು ರಿಮ್ಮಿನ ಅಂಚಿಗೆ ಒರಗಬೇಕು. ಇದು ಒಂದು ಕಡೆ ಎದ್ದರೆ ಇನ್ನೊಂದು ಕಡೆ ಒಳಗೇ ಹೂತುಹೋಗುತ್ತಿತ್ತು. ಕಾಲಿನ ಪಂಪಿನಲ್ಲಿ ಗಾಳಿ ಹಾಕಿದೆವು. ಸಾಬೂನು ನೀರು ಬಳಿದೆವು. ಬಿಸಿಲಿಗೆ ಅದು ಕ್ಷಣದಲ್ಲಿ ಒಣಗಿತು. ಗಾಳಿ ಬಿಟ್ಟೆವು, ಬಳಿದೆವು, ಮತ್ತೆ ತುಂಬಿಸಿದೆವು. ಹೀಗೆ ನಾಲ್ಕು ಸಲ. ಹನ್ನೆರಡು ಗಂಟೆಯ ಹೊತ್ತಿಗೆ ನನ್ನ ಎಡಗೈಯ ಎರಡು ಬೆರಳಿನ ಚರ್ಮ ಎದ್ದಿತ್ತು.

ಅಕ್ಕ ಮಾರುಕಟ್ಟೆಯಿಂದ ಬಂದು ಬುಟ್ಟಿ ಇಳಿಸಿ ನಿಂತು ನೋಡಿದಳು. "ಕೂರುದಿಲ್ಲ ಅಂತ ಟೈರೇ ಹೇಳ್ತಾ ಉಂಟು. ನಿಮಗೆ ಅದರ ಭಾಷೆ ಗೊತ್ತಿಲ್ಲ."

ಭಾವನಿಗೆ ಆಗ ನೆನಪಾದದ್ದು ಮೀನೆಣ್ಣೆ. ಬೂತಾಯಿ ಮೀನನ್ನು ಕುದಿಸಿ ತೆಗೆದ ಆ ಎಣ್ಣೆಯನ್ನು ಅವರ ಅಪ್ಪ ಮರದ ದೋಣಿಗೆ ಬಳಿಯುತ್ತಿದ್ದರು. ದೋಣಿ ಹೋಗಿ ವರ್ಷಗಳಾದವು, ಎಣ್ಣೆಯ ಒಂದು ಬಾಟಲಿ ಮಾತ್ರ ಉಳಿದಿದೆ. ಆ ಮನೆಯಲ್ಲಿ ಬಾಗಿಲಿನ ಚಿಲಕ ಬಿಗಿಯಾದರೂ, ಬಾವಿಯ ರಾಟೆ ಕಿರುಗುಟ್ಟಿದರೂ ಅದೇ ಮದ್ದು.

"ಆ ಬಾಟ್ಲಿ ತಕೊಂಡು ಬಾ ಮಾರಾಯ."

ನಾನು ತಂದೆ. ಸಾಬೂನು ನೀರು ಒಣಗುತ್ತದೆ, ಎಣ್ಣೆ ಒಣಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಕೂರುವಾಗ ಜಾರುವುದು ಕೂತ ಮೇಲೂ ಜಾರುತ್ತದೆ ಎಂದು ಯೋಚಿಸಲು ಎರಡು ನಿಮಿಷ ಸಾಕಿತ್ತು. ಆದರೆ ಹಸಿವಾಗಿತ್ತು, ಬೆರಳು ಉರಿಯುತ್ತಿತ್ತು, ಒಮ್ಮೆ ಮುಗಿದರೆ ಸಾಕಾಗಿತ್ತು.

ಎಣ್ಣೆ ಬಳಿದು ಗಾಳಿ ತುಂಬಿಸಿದಾಗ ಎರಡು ಸಲ ಟಪ್ ಟಪ್ ಎಂದು ಸದ್ದಾಗಿ ಎರಡೂ ಅಂಚು ಕೂತವು. ಭಾವ ಚಕ್ರ ತಿರುಗಿಸಿ ನಕ್ಕರು. ಚೈನಿಗೂ ಟೈರಿಗೂ ನಡುವೆ ನನ್ನ ಒಂದು ಬೆರಳು ಹೋಗುವಷ್ಟೇ ಜಾಗವಿತ್ತು. ಅಂಗಡಿಯಲ್ಲಿ ನಾವು ತಕ್ಕಡಿಯ ಸ್ಕ್ರೂ ಬಿಗಿದ ಮೇಲೆ ಅದರ ತಲೆಯಿಂದ ಪಕ್ಕದ ತಗಡಿಗೆ ಬಿಳಿ ಬಣ್ಣದ ಗೆರೆಯೊಂದನ್ನು ಎಳೆಯುತ್ತೇವೆ; ಸ್ಕ್ರೂ ತಿರುಗಿದರೆ ಗೆರೆ ಒಡೆಯುತ್ತದೆ. ಮರುದಿನ ಆ ಬಣ್ಣ ತಂದು, ಗಾಳಿ ಹಾಕುವ ವಾಲ್ವಿನ ಪಕ್ಕದಲ್ಲಿ, ರಿಮ್ಮಿನಿಂದ ಟೈರಿನವರೆಗೆ ನೇರವಾಗಿ ಒಂದು ಗೆರೆ ಎಳೆದೆ.

"ಬೊಟ್ಟು ಇಡ್ತಿದ್ದೀಯಾ? ಹೂ ಸಹ ಮುಡಿಸು" ಎಂದರು ಭಾವ.

ನಾಲ್ಕನೆಯ ದಿನ ಗೆರೆ ಒಡೆದಿತ್ತು. ರಿಮ್ಮಿನ ಮೇಲಿನ ತುಂಡಿಗೂ ಟೈರಿನ ಮೇಲಿನ ತುಂಡಿಗೂ ನಡುವೆ ಒಂದು ಬೆರಳಿನ ಅಂತರ. ಒಂಬತ್ತನೆಯ ದಿನ ಎರಡು ಬೆರಳು. ಭಾವನನ್ನು ಕರೆದು ತೋರಿಸಿದೆ. ಬ್ರೇಕ್ ಹಾಕಿದಾಗ ರಿಮ್ಮು ನಿಲ್ಲುತ್ತದೆ, ಎಣ್ಣೆ ಇರುವುದರಿಂದ ಟೈರು ಮುಂದಕ್ಕೆ ಜಾರುತ್ತದೆ, ಒಳಗಿನ ಟ್ಯೂಬು ಟೈರಿನ ಜೊತೆ ಹೋಗುತ್ತದೆ, ವಾಲ್ವು ಮಾತ್ರ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ, ಒಂದು ದಿನ ಬುಡದಲ್ಲಿ ಹರಿಯುತ್ತದೆ. ಇದನ್ನು ನಿಧಾನವಾಗಿ, ಕೈಯಿಂದ ತೋರಿಸಿ ಹೇಳಿದೆ.

"ದಕ್ಕೆಯಿಂದ ದಿನಾ ಎರಡು ಪೆಟ್ಟಿಗೆ ತರ್ತೇನೆ. ಒಂದು ದಿನ ಅಲ್ಲಾಡಿದ್ದುಂಟಾ? ಕಲ್ಲಿನ ಹಾಗೆ ಕೂರ್ತದೆ ರಸ್ತೆಯಲ್ಲಿ."

"ಪೆಟ್ಟಿಗೆ ಇದ್ದಾಗ ನೀವು ನಿಧಾನ ಹೋಗ್ತೀರಿ ಭಾವ. ಮಗಳನ್ನು ಕೂರಿಸಿದಾಗ ಲೇಟಾಯ್ತು ಅಂತ ಓಡಿಸ್ತೀರಿ."

"ನೀನು ಗ್ರಾಂ ಲೆಕ್ಕದ ಮನುಷ್ಯ. ನಿನಗೆ ಬೈಕು ಎಂತ ಗೊತ್ತು?"

ಅಕ್ಕನ ಮಗಳನ್ನು ಕೇಳಿದೆ. ಅವಳು ಅಪ್ಪನಿಗೆ ಕೇಳಿಸದಂತೆ ಹೇಳಿದಳು: "ತಿರುವಿನಲ್ಲಿ ಅಪ್ಪ ಹ್ಯಾಂಡಲನ್ನು ದೂಡ್ಬೇಕಾಗ್ತದೆ ಮಾಮ. ಬೈಕು ನೇರ ಹೋಗ್ತೇನೆ ಅಂತದೆ."

ನಮ್ಮಲ್ಲಿ ಅಕ್ಕನ ಮಕ್ಕಳ ಮೇಲೆ ಸೋದರಮಾವನ ಮಾತಿಗೆ ಬೆಲೆಯಿದೆ ಎನ್ನುತ್ತಾರೆ. ಮದುವೆ, ಹೊಸ ಮನೆಯ ಒಕ್ಕಲು, ಹೆಸರಿಡುವುದು, ಎಲ್ಲದಕ್ಕೂ ನನ್ನನ್ನು ಮುಂದೆ ಕೂರಿಸುತ್ತಾರೆ. ಒಂದು ಟೈರಿನ ವಿಷಯದಲ್ಲಿ ಆ ಬೆಲೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಬಸ್ಸಿನಲ್ಲಿ ನನ್ನ ಜೊತೆ ಬಾ ಎಂದು ಅವಳಿಗೆ ಹೇಳಿದೆ. ಅಪ್ಪನಿಗೆ ಬೇಜಾರಾಗುತ್ತದೆ ಎಂದಳು.

ಹದಿನೈದನೆಯ ದಿನ ಅಂತರ ನಾಲ್ಕು ಬೆರಳಾಯಿತು. ವಾಲ್ವು ಕಣ್ಣಿಗೆ ಕಾಣುವಷ್ಟು ಓರೆಯಾಗಿತ್ತು. ಅಂದು ನನಗೆ ಸಿಟ್ಟು ಬಂತು.

"ನಾಳೆ ಅವಳು ಬಸ್ಸಲ್ಲಿ ಹೋಗ್ಲಿ. ಅವಳ ಜಾಗದಲ್ಲಿ ನಾನು ಕೂರ್ತೇನೆ."

"ಕೂತ್ಕೋ. ಹಂಪನಕಟ್ಟೆಯಲ್ಲಿ ಇಳಿದು ಎಲ್ಲರ ಮುಂದೆ ನನಗೆ ಕೈ ಮುಗಿಬೇಕು, ಆಯ್ತಾ?"

ಮರುದಿನ ಕೂತೆ. ಮೊದಲ ತಿರುವಿನಲ್ಲೇ ಅವಳು ಹೇಳಿದ್ದು ಅರ್ಥವಾಯಿತು. ಬೈಕು ಎಡಕ್ಕೆ ವಾಲಲು ಹೊರಟು, ಟೈರಿನ ಚಪ್ಪಟೆ ಅಂಚಿನ ಮೇಲೆ ತಡೆದು ನಿಂತು, ಮತ್ತೆ ನೆಟ್ಟಗಾಯಿತು. ಇಳಿಜಾರಿನ ಎರಡನೆಯ ಎಡ ತಿರುವಿನಲ್ಲಿ ಅದು ತಿರುಗಲಿಲ್ಲ. ರಸ್ತೆಯ ನಡುವಿನ ಗೆರೆಯ ಕಡೆಗೆ ಹೋಗತೊಡಗಿತು. ಎದುರಿನಿಂದ ಸಿಟಿ ಬಸ್ಸು ಹತ್ತುತ್ತಿತ್ತು. ಭಾವ ಬ್ರೇಕ್ ಒತ್ತಿದರು. ನನ್ನ ಕೆಳಗೆ ಏನೋ ಹರಿದದ್ದು ಕಿವಿಗಲ್ಲ, ಸೊಂಟಕ್ಕೆ ಗೊತ್ತಾಯಿತು. ಗಾಳಿಯೆಲ್ಲ ಒಂದೇ ಉಸಿರಿಗೆ ಹೋಯಿತು. ಹಿಂದಿನ ಭಾಗ ಕುಸಿದು ಎರಡು ಸಲ ಬೀಸಿತು, ನಾವು ಬಲಕ್ಕೆ ಬಿದ್ದೆವು.

ಬಸ್ಸು ನಿಂತಿತು. ಡ್ರೈವರ್ ಇಳಿದು ಬೈದರು. ನಾನು ಎದ್ದು, ಬಿದ್ದ ಜಾಗದಿಂದ ಬಸ್ಸಿನ ಮುಂಭಾಗದವರೆಗೆ ನಡೆದು ನೋಡಿದೆ. ನಾಲ್ಕು ಹೆಜ್ಜೆ. ಯಾಕೆ ಅಳೆದೆನೆಂದು ಕೇಳಿದರೆ ಹೇಳಲಾರೆ. ಈಗಲೂ ಬಸ್ಸಿನಲ್ಲಿ ಆ ತಿರುವು ಬಂದಾಗ ಮುಂದಿನ ಸೀಟಿನ ಕಂಬಿ ಹಿಡಿದುಕೊಳ್ಳುತ್ತೇನೆ. ಅಂದು ಬೈಕಿನ ಹಿಂದಿನ ಸೀಟಿನಲ್ಲಿ ಅಕ್ಕನ ಮಗಳು ಇದ್ದಿದ್ದರೆ ಎಂದು ಯೋಚಿಸುವುದು ಬೇಡವೆಂದರೂ ಅಲ್ಲಿಗೆ ಬಂದಾಗ ಯೋಚನೆ ಬರುತ್ತದೆ.

ನನ್ನ ಮೊಣಕೈ ತರಚಿತು. ಭಾವ ಬಲಗಾಲಿನ ಪಾದದ ಗಂಟು ಉಳುಕಿ ಹತ್ತು ದಿನ ಮನೆಯಲ್ಲಿ ಕೂತರು. ಆ ಹತ್ತು ದಿನ ಅಕ್ಕನ ಮಗಳು ನನ್ನ ಜೊತೆ ಬಸ್ಸಿನಲ್ಲಿ ಬಂದಳು. ಮುಗಿಯಿತು ಎಂದುಕೊಂಡೆ.

ಹನ್ನೊಂದನೆಯ ದಿನ ಬೆಳಿಗ್ಗೆ ಅಂಗಳದಲ್ಲಿ ಸದ್ದು. ಭಾವ ಅದೇ ಟೈರನ್ನು ಕಳಚಿ, ಪಾತ್ರೆ ತೊಳೆಯುವ ಪುಡಿ ಹಾಕಿ ಉಜ್ಜುತ್ತಿದ್ದರು. ರಿಮ್ಮನ್ನೂ ಉಜ್ಜಿ ಬಿಸಿಲಿಗೆ ಇಟ್ಟಿದ್ದರು. ಪಕ್ಕದಲ್ಲಿ ಹೊಸ ಟ್ಯೂಬು.

"ತಪ್ಪು ಟೈರಿದ್ದಲ್ಲ, ಎಣ್ಣೆಯದ್ದು. ನೀನೇ ಹೇಳಿದ್ದಲ್ವಾ ಎಣ್ಣೆ ಜಾರ್ತದೆ ಅಂತ? ನೀನು ಹೇಳಿದ್ದು ಸರಿ."

ಇಷ್ಟು ದಿನ ಕಾದ ಮಾತು ಅದು. ಹೀಗೆ ಸಿಗುವುದೆಂದು ಗೊತ್ತಿರಲಿಲ್ಲ.

"ತಿರುವಿನಲ್ಲಿ ವಾಲುದಿಲ್ಲ ಭಾವ. ಅದು ಟೈರಿದ್ದೇ."

"ಅದು ಅಭ್ಯಾಸ ಆಗ್ತದೆ. ಬಾ, ಗೆರೆ ಎಳಿ. ನೀನೇ ಎಳಿ."

ಅಕ್ಕ ನನ್ನ ಕಡೆ ನೋಡಿದಳು. ಅವಳೂ ಹತ್ತು ದಿನ ಜಗಳವಾಡಿ ಸೋತಿದ್ದಳು. ಈ ಸಲ ನೆರಳಿನಲ್ಲಿ, ದಪ್ಪ ಸಾಬೂನು ನೀರಿನಲ್ಲಿ ಟೈರು ಕೂತಿತು. ನಾನು ಗೆರೆ ಎಳೆದೆ.

ಒಂದು ವಾರ ಭಾವ ಮೀನು ಮಾತ್ರ ತಂದರು, ಅಕ್ಕನ ಮಗಳು ಬಸ್ಸಿನಲ್ಲೇ ಹೋದಳು; ನಾನು ದಿನವೂ ಕುಕ್ಕರಗಾಲಿನಲ್ಲಿ ಕೂತು ನೋಡಿದೆ. ಸರಿದಿರಲಿಲ್ಲ. ಕೂದಲೆಳೆಯಷ್ಟೂ ಇಲ್ಲ. ಸರಿದಿರಲಿ ಎಂದು ಬಯಸಿ ನೋಡುತ್ತಿದ್ದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಭಾವ ಪ್ರತಿದಿನ ಕೇಳುತ್ತಿದ್ದರು, "ಎಷ್ಟು ಬೆರಳು?" ನಾನು ಎದ್ದು ಬಸ್ಸಿಗೆ ಹೊರಡುತ್ತಿದ್ದೆ. ತಿರುವಿನ ಹಟವನ್ನು ಅಳೆಯಲು ನನ್ನ ಹತ್ತಿರ ಗೆರೆ ಇರಲಿಲ್ಲ. ಇದ್ದ ಒಂದು ಗೆರೆ ಈಗ ಅವರ ಪರವಾಗಿ ಸಾಕ್ಷಿ ಹೇಳುತ್ತಿತ್ತು.

ಎಂಟನೆಯ ದಿನ ಭಾವ ಸೀಟು ಒರೆಸಿ ಮಗಳನ್ನು ಕರೆದರು. ಅವಳು ಬ್ಯಾಗು ಹಾಕಿಕೊಂಡು ಬಂದು, ಬೈಕಿಗೆ ಎರಡು ಹೆಜ್ಜೆ ಇರುವಾಗ ನಿಂತಳು.

"ಮಾಮ, ಗೆರೆ ಸರಿದಿದೆಯಾ?"

ತಕ್ಕಡಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದೇನೆ. ಮುಳ್ಳು ಎಲ್ಲಿ ನಿಂತಿದೆಯೋ ಅಲ್ಲಿ ನಿಂತಿದೆ ಎಂದು ಹೇಳುವುದೇ ನನ್ನ ಕೆಲಸ.

"ಸರಿದಿದೆ" ಎಂದೆ. "ಅರ್ಧ ಬೆರಳು."

ಭಾವ ಬಗ್ಗಿ ನೋಡಿದರು. ಅವಳೂ ನೋಡಿದಳು. ಗೆರೆ ನೇರವಾಗಿ, ತುಂಡಾಗದೆ, ಮೂವರಿಗೂ ಕಾಣುವಂತೆ ಇತ್ತು.

"ಇವನಿಗೆ ಕಣ್ಣು ಹೋಯ್ತು" ಎಂದರು ಭಾವ.

ಅವಳು ನನ್ನ ಮುಖ ನೋಡಿದಳು. "ಅರ್ಧ ಬೆರಳು ಉಂಟು ಅಪ್ಪ" ಎಂದು ಹೇಳಿ, ನನಗಿಂತ ಮುಂದೆ ಬಸ್ ಸ್ಟಾಪಿನ ಕಡೆಗೆ ನಡೆದಳು.