ಆಯಿಯ ಚಟ್ನಿ ಬಟ್ಟಲು

ನನ್ನ ಅಂಕಣ ಓದಿ ಒಬ್ಬರು ಬಿ.ಪಿ. ಗುಳಿಗೆ ಬಿಟ್ಟರು.

ಬರೆದದ್ದು ಓದುಗರಿಗೆ ನಾಟಲಿ ಎಂದು ನಾನೂ ಆಸೆಪಟ್ಟವಳೇ. ಆದರೆ ಇಷ್ಟು ನಾಟಬೇಕೇ? ಬಿಟ್ಟವರು ಬೇರೆ ಯಾರೂ ಅಲ್ಲ, ಸೂಡಿಯಲ್ಲಿರುವ ನನ್ನ ಸೋದರಮಾವ. ವಯಸ್ಸು ಎಪ್ಪತ್ತೆರಡು.

ಮೂರು ವಾರದ ಹಿಂದೆ ಇದೇ ಜಾಗದಲ್ಲಿ ಆಂಟಿಆಕ್ಸಿಡೆಂಟ್ ಬಗ್ಗೆ ಬರೆದಿದ್ದೆ. ವಯಸ್ಸಾದಂತೆ ದೇಹ ಒಳಗೊಳಗೇ ಸವೆಯುತ್ತದಲ್ಲ, ಆ ಸವೆತವನ್ನು ಒಂದಿಷ್ಟು ತಡೆಯಲು ನೆರವಾಗುವ ಅಂಶಗಳು ಅವು. ಅದಕ್ಕಾಗಿ ಬಣ್ಣದ ಡಬ್ಬಿಯ ಕ್ಯಾಪ್ಸೂಲ್ ಹುಡುಕಬೇಕಿಲ್ಲ. ರೊಟ್ಟಿಯ ಮಗ್ಗುಲಲ್ಲಿರುವ ಹಸಿ ಹಕ್ಕರಕಿ ಸೊಪ್ಪು, ಮೆಂತ್ಯೆ, ಉಳ್ಳಾಗಡ್ಡಿ, ಅಗಸಿ ಬೀಜದ ಚಟ್ನಿಯಲ್ಲೂ ಅವು ಇವೆ ಎಂದಿದ್ದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. (ಜಾಗ ಇನ್ನೂ ಉಳಿದಿತ್ತು.) ಆಯಿಯನ್ನು ಎಳೆದು ತಂದೆ.

ಆಯಿ ಎಂದರೆ ಈ ಮಾವನ ತಾಯಿ, ನನ್ನ ಅಜ್ಜಿ. ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ ರಜೆಗೆ ಸೂಡಿಗೆ ಹೋಗಿದ್ದೆ. ತಲೆಸುತ್ತಿ ಬಿದ್ದಿದ್ದ ಆಯಿಗೆ ಗಜೇಂದ್ರಗಡದ ಡಾಕ್ಟರು ಬಿ.ಪಿ. ಗುಳಿಗೆ ಕೊಟ್ಟಿದ್ದರು. ಆಯಿ ಆ ಪೊಟ್ಟಣವನ್ನು ಹಿತ್ತಲಿಗೆ ಎಸೆದಳು. ಅಗಸಿ ಚಟ್ನಿ ಹಚ್ಚಿಕೊಂಡು ರೊಟ್ಟಿ ತಿಂದಳು. ಹೊಲಕ್ಕೆ ನಡೆದುಕೊಂಡು ಹೋದಳು. ಎಂಬತ್ತೇಳು ವರ್ಷ ಬದುಕಿದಳು. ಇಷ್ಟನ್ನೂ ಬರೆದೆ. ಕಣ್ಣಾರೆ ಕಂಡದ್ದು, ಬರೆಯದೆ ಬಿಡುವುದುಂಟೇ?

ಕಳೆದ ಭಾನುವಾರ ಮಾವನ ಹೆಂಡತಿ, ನನ್ನ ಅತ್ತಿ, ಫೋನ್ ಮಾಡಿದರು. ಮಾವ ನನ್ನ ಅಂಕಣವನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದಾರಂತೆ. ಗುಳಿಗೆ ಅಂದರೆ ಸಾಕು, ಅದರತ್ತ ಬೆರಳು ತೋರಿಸುತ್ತಾರಂತೆ. ಮಗ ದವಾಖಾನೆಗೆ ಕರೆದೊಯ್ದು ತೋರಿಸಿದ್ದಾನೆ. ಬಿ.ಪಿ. ಭಾಳ ಏರಿದೆ, ಹೀಗೇ ಬಿಟ್ಟರೆ ಲಕ್ವಾ ಹೊಡೆದೀತು ಎಂದು ಡಾಕ್ಟರು ಗದರಿಸಿದ್ದಾರೆ. ಮಾವ ಅವರಿಗೂ ಒಂದು ಪ್ರತಿ ಕೊಟ್ಟು ಬಂದಿದ್ದಾರೆ.

"ಬರದಾಕಿ ನೀನು, ಹಟ ಬಿಡಸಾಕಿನೂ ನೀನ. ಲಗೂ ಬಾ," ಎಂದು ಅತ್ತಿ ಫೋನ್ ಇಟ್ಟರು.

ರಾತ್ರಿ ಊಟಕ್ಕೆ ಮೊದಲು ಹಳೆಯ ಡೈರಿ ತೆಗೆದೆ. ನನ್ನ ನೆನಪಿನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಒಮ್ಮೆ ಬರೆದ ಮೇಲಂತೂ ಬರೆದದ್ದಷ್ಟೇ ನೆನಪಿರುತ್ತದೆ. ಡೈರಿಯಲ್ಲಿ ಆಯಿ ಪೊಟ್ಟಣ ಎಸೆದದ್ದು ಇತ್ತು. ಸದ್ಯ, ಬರೆದದ್ದು ಸುಳ್ಳಲ್ಲ. ಅದರ ಕೆಳಗೆ, ನಾಲ್ಕು ದಿನದ ನಂತರದ್ದು, ಇನ್ನೆರಡು ಸಾಲು: "ಆಯಿಯ ಚಟ್ನಿಗೆ ಬೇರೆ ಬಟ್ಟಲು. ಬೆರಳು ಅದ್ದಲು ಹೋದರೆ ಅತ್ತಿ ಕೈಮೇಲೆ ಹೊಡೆದರು. ಜಿಪುಣಿ."

ಇದನ್ನು ಅಂಕಣದಲ್ಲಿ ಯಾಕೆ ಬಿಟ್ಟೆ? ಮರೆತಿದ್ದೆನೇ? ಅಥವಾ ಚೆಂದದ ಕಥೆಗೆ ಅಡ್ಡ ಬರುತ್ತದೆಂದು ಮರೆಯುವುದೇ ಅನುಕೂಲವಾಗಿತ್ತೇ?

ಮರುದಿನ ರೋಣದಿಂದ ಬಸ್ ಹತ್ತಿ ಸೂಡಿಗೆ ಹೋದೆ. ಮಾವ ಕಟ್ಟೆಯ ಮೇಲೆ ಹಕ್ಕರಕಿ ಸೋಸುತ್ತ ಕೂತಿದ್ದರು. ಮುಖ ಕೆಂಪಾಗಿತ್ತು. ಅದನ್ನು ಅವರು ಆರೋಗ್ಯದ ಕಳೆ ಎಂದುಕೊಂಡಿದ್ದರು. ಬುದ್ಧಿ ಹೇಳಲು ಬಾಯಿ ತೆರೆದೆ. ಸೊಪ್ಪು ಒಳ್ಳೆಯದು, ನಡಿಗೆ ಒಳ್ಳೆಯದು, ಆದರೆ ಅವು ಗುಳಿಗೆಯ ಬದಲಿಯಲ್ಲ ಎಂದೆ.

"ನಮ್ಮವ್ವ ಒಂದರ ಗುಳಿಗಿ ನುಂಗಿದ್ಲೇನು?" ಎಂದರು ಮಾವ. "ಹಿತ್ತಲಕ ಒಗದದ್ದು ನೀನೂ ನೋಡೀದಿ, ನಾನೂ ನೋಡೇನಿ. ಬರದದ್ದು ಸುಳ್ಳಂದ್ರ ಸುಳ್ಳಂತ ಬರಿ. ಗ್ವಾಡಿ ಮ್ಯಾಲಿಂದು ಕಿತ್ತ ಒಗಿತೇನಿ."

ಸುಳ್ಳಲ್ಲವಲ್ಲ. ನಾನೂ ಒಂದು ಕಟ್ಟು ಹಕ್ಕರಕಿ ಎಳೆದುಕೊಂಡು ಸೋಸತೊಡಗಿದೆ.

ಅಡುಗೆಮನೆಯಿಂದ ಅತ್ತಿ ಬಂದರು. ಕೈಯಲ್ಲೊಂದು ಹಳೆಯ ಹಿತ್ತಾಳೆ ಬಟ್ಟಲು. "ಒಗದದ್ದು ಇಬ್ಬರೂ ನೋಡೀರಿ," ಎಂದರು. "ನಾ ಆರಿಸಿಕೊಂಡ ಬಂದದ್ದು ಯಾರರ ನೋಡೀರೇನು?"

ಹೇಳಿದ್ದಿಷ್ಟು. ಮುಗಿದಂತೆಲ್ಲ ಮತ್ತೆ ತರಿಸಿ, ದಿನಾ ಮುಂಜಾನೆ ಒಂದು ಗುಳಿಗೆ ಕುಟ್ಟಿ, ಆಯಿಯ ಪಾಲಿನ ಅಗಸಿ ಚಟ್ನಿಯಲ್ಲಿ ಕಲಸಿ, ಈ ಬಟ್ಟಲಲ್ಲಿ ಬೇರೆ ಇಡುತ್ತಿದ್ದರು. ಆಯಿ ಹೋಗುವವರೆಗೂ. (ಎಲ್ಲ ಗುಳಿಗೆಯನ್ನೂ ಹೀಗೆ ಕುಟ್ಟುವಂತಿಲ್ಲ. ಅತ್ತಿ ಡಾಕ್ಟರನ್ನು ಕೇಳಿಯೇ ಕುಟ್ಟಿದ್ದರು. ದಯವಿಟ್ಟು ಇದನ್ನೂ ಕತ್ತರಿಸಿ ಗೋಡೆಗೆ ಅಂಟಿಸಬೇಡಿ.)

ಮಾವನ ಕೈಯಲ್ಲಿನ ಸೊಪ್ಪು ಹಾಗೇ ನಿಂತಿತು. "ನಮ್ಮವ್ವಗ ಮೋಸ ಮಾಡಿದಿ?"

"ಮಾಡಿದೆ. ಅದಕ್ಕ ಅಷ್ಟ ವರ್ಷ ನಿಮ್ಮ ಕಣ್ಮುಂದ ಇದ್ಲು."

"ನನಗರ ಹೇಳಬಾರದಿತ್ತೇನು?"

"ನಿಮಗ ಹೇಳಿದ್ರ ಸಂಜಿಕ ಅವ್ವಗ ಗೊತ್ತಾಗ್ತಿತ್ತು."

ಮಾವ ಆ ಬಟ್ಟಲನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಸಿಟ್ಟು ಬರುತ್ತದೆಂದು ಕಾದೆ. ಬಂದದ್ದು ನಗು, ಕಣ್ಣಲ್ಲಿ ನೀರು. ಒಳಗೆ ಹೋಗಿ ಗುಳಿಗೆ ತಂದರು. ನನಗೆ ತೋರಿಸಿ, ನುಂಗಿ, ಮೇಲೊಂದು ಎಸಳು ಹಕ್ಕರಕಿ ಬಾಯಿಗೆ ಹಾಕಿಕೊಂಡರು. "ಎರಡೂ ಇರ್ಲಿ ತಗೋ," ಎಂದರು.

ನಾನು ಕಲಿತದ್ದು? ಅಗಸಿಯೂ ಹಕ್ಕರಕಿಯೂ ಹೊಲದ ನಡಿಗೆಯೂ ಆಯಿಯನ್ನು ಗಟ್ಟಿಯಾಗಿಟ್ಟವು ಎಂದು ಈಗಲೂ ನಂಬುತ್ತೇನೆ. ಆ ಚಟ್ನಿಯ ಬಗ್ಗೆ ನಾನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅದರೊಳಗೆ ಬೆರೆತದ್ದು ಮಾತ್ರ ಗೊತ್ತಿರಲಿಲ್ಲ. ಹಿಂದಿನವರು ಏನು ತಿಂದರೆಂದು ಹೇಳುವ ನಾವು, ಬಡಿಸಿದವರನ್ನು ಒಂದು ಮಾತು ಕೇಳುತ್ತೇವೆಯೇ? ಮೂವತ್ತು ವರ್ಷ ನನ್ನ ಡೈರಿಯಲ್ಲಿ ಜಿಪುಣಿಯಾಗಿದ್ದವರು ಅತ್ತಿ. ಆ ಪದವನ್ನು ಹೊಡೆದುಹಾಕಿದ್ದೇನೆ.

ಅತ್ತಿ ಅಷ್ಟಕ್ಕೇ ಬಿಡಲಿಲ್ಲ. ನಿನಗೂ ಐವತ್ತೈದಾಯಿತು, ಬಿ.ಪಿ. ತೋರಿಸಿದ್ದೀಯಾ ಎಂದು ಕೇಳಿದರು. ಮುಂದಿನ ವಾರ ತೋರಿಸುತ್ತೇನೆ ಎಂದೆ. ಹೋದ ವರ್ಷವೂ ಇದನ್ನೇ ಹೇಳಿದ್ದೆಯಲ್ಲ ಎಂದರು. ನೆನಪಿಲ್ಲ ಎಂದೆ.

ಅತ್ತಿ ಒಳಗೆ ಹೋದರು. ಊಟಕ್ಕೆ ಕೂತಾಗ ಎಲ್ಲರ ಚಟ್ನಿ ತಾಟಿನಲ್ಲಿತ್ತು. ನನ್ನದು ಮಾತ್ರ ಹಿತ್ತಾಳೆ ಬಟ್ಟಲಲ್ಲಿ ಬಂದಿತ್ತು.